ಚಂದ್ರಲೋಕಕ್ಕಾಗಿ ನಿಂತ ಮಗ್ಗಗಳು

1946ರ ಜೂನ್ ತಿಂಗಳ ಅಮಾವಾಸ್ಯೆಯಂದು, ದೊಡ್ಡಬಳ್ಳಾಪುರದ ನೇಕಾರರ ಬೀದಿಯ ಜಗಲಿಯೊಂದರ ಮೇಲೆ ಕುಳಿತು, ಚಂದ್ರಲೋಕಕ್ಕೆ ಹೋಗುವವರ ಕಾದಂಬರಿಯೊಂದನ್ನು ಗಟ್ಟಿಯಾಗಿ ಓದಿದೆ. ಬರೆದವರ ಹೆಸರು ಊರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅವರ ಮೂರು ಕಾದಂಬರಿಗಳನ್ನು ಆ ತಿಂಗಳೂ ಯಾರೂ ಒಯ್ಯದಿದ್ದರೆ ಪೊಟ್ಟಣ ಕಟ್ಟಲು ಅಂಗಡಿಗೆ ಕೊಡುವುದೆಂದು ನಮ್ಮ ವಾಚನಾಲಯದವರು ತೀರ್ಮಾನಿಸಿದ್ದರು. ಓದುಗರನ್ನು ನಾನು ತರುತ್ತೇನೆಂದು ಹೇಳಿ ಬಂದಿದ್ದೆ. ಅಮಾವಾಸ್ಯೆಯಂದು ಮಗ್ಗ ಆಡಿಸುವುದಿಲ್ಲವಾದ್ದರಿಂದ ಬೀದಿಯವರೆಲ್ಲ ಬಿಡುವಾಗಿದ್ದರು.

"ಅಮಾಸೆ ದಿನ ಚಂದ್ರನ್ನ ಎಲ್ಲಿ ಹುಡುಕ್ತೀರಿ ಮೇಷ್ಟ್ರೇ?" ಎಂದು ಹಿರಿಯ ನೇಕಾರ ರಂಗಪ್ಪ ನಗೆಯಾಡಿದರು. ಕಥೆಯಲ್ಲಿ ಪ್ರಯಾಣಿಕರ ವಾಹನದ ಗಾಳಿ ಮುಗಿಯುತ್ತ ಬಂದ ಕಡೆಗೆ ಓದು ತಲುಪಿದಾಗ ಕತ್ತಲಾಯಿತು. ಮುಂದಿನದನ್ನು ಬರುವ ಅಮಾವಾಸ್ಯೆಗೆ ಓದುವುದಾಗಿ ಹೇಳಿ ಎದ್ದೆ.

ಮರುದಿನ ಶಾಲೆ ಮುಗಿಸಿ ಅದೇ ಬೀದಿಯಲ್ಲಿ ಹೋಗುತ್ತಿದ್ದಾಗ ರಂಗಪ್ಪ ಮಗ್ಗದ ಗುಂಡಿಯಿಂದ ಎದ್ದು ಬಂದರು.

"ಲೇ, ಎಲ್ರೂ ಮಗ್ಗ ನಿಲ್ಸ್ರೋ! ಅಲ್ಲಿರೋರು ಉಸಿರು ಕಟ್ಕೊಂಡು ಕೂತವ್ರೆ. ಇನ್ನೊಂದು ಅಮಾಸೆಗಂಟ ಬದುಕ್ತಾರೇನ್ರಪ್ಪಾ? ಓದಿ ಮೇಷ್ಟ್ರೇ!"

ಒಂದೊಂದಾಗಿ ಮಗ್ಗಗಳ ಸದ್ದು ನಿಂತಿತು. ಕೆಲಸದ ದಿನ, ಇನ್ನೂ ಬಿಸಿಲಿರುವಾಗಲೇ, ಚೀಲದಲ್ಲಿದ್ದ ಪುಸ್ತಕ ತೆಗೆದು ಕೊನೆಯ ಪುಟದವರೆಗೂ ಓದಿದೆ.

ಮೂರೂ ಕಾದಂಬರಿಗಳು ಈಗ ಆ ಬೀದಿಯ ಮನೆಗಳಲ್ಲಿವೆ. ಅದೇ ಲೇಖಕರ ನಾಲ್ಕನೆಯ ಕಾದಂಬರಿಯನ್ನು ವಾಚನಾಲಯದವರು ಬೆಂಗಳೂರಿನಿಂದ ತರಿಸಿದ್ದಾರೆ.