ಫ್ಲೆಕ್ಸ್‌ನಲ್ಲಿ ನಗುತ್ತಿದ್ದವಳು ನಾನೇ

ಹಳಿಯಾಳ ಬಸ್ ನಿಲ್ದಾಣದೆದುರು ಕಟ್ಟಿದ್ದ ಫ್ಲೆಕ್ಸ್‌ನಲ್ಲಿ ನನ್ನ ಫೋಟೊ ಇತ್ತು. ಎಸ್ಸೆಸ್ಸೆಲ್ಸಿಯಲ್ಲಿ ನಮ್ಮ ಶಾಲೆಗೇ ಮೊದಲು ಬಂದಿದ್ದೆ. ಅದನ್ನೇ ನೋಡುತ್ತ ನಿಂತಾಗ ತೇರಗಾಂವದ ಸಹಪಾಠಿ ಶೋಭಾ ಸಿಕ್ಕಳು. ಅವಳದು ಸೆಕೆಂಡ್ ಕ್ಲಾಸ್.

"ದಾಂಡೇಲಿ ಐಟಿಐನಾಗ ಎಲೆಕ್ಟ್ರಿಷಿಯನ್ ಸೇರಾಕ ಹೊಂಟೇನಿ. ಮುಗದ ಮ್ಯಾಲೆ ನಮ್ಮೂರಾಗ ಮೋಟರ್ ರಿಪೇರಿ ಅಂಗಡಿ ಹಾಕ್ತೇನಿ, ಜಾಗಾನೂ ನೋಡಿಟ್ಟೇನಿ. ನೀ ಮುಂದ ಏನ ಮಾಡ್ತಿ?" ಎಂದಳು.

"ಅಪ್ಪಗ ಕೇಳಬೇಕು" ಅಂದೆ.

ಅವಳು ನಕ್ಕಿದ್ದರೆ ಜಗಳವನ್ನಾದರೂ ತೆಗೆಯಬಹುದಿತ್ತು. "ಕೇಳು ಮತ್ತ" ಎಂದು ಬಸ್ ಹತ್ತಿ, ಕಿಟಕಿಯಿಂದ ಕೈ ಬೀಸಿದಳು.

ಫ್ಲೆಕ್ಸ್ ಇನ್ನೂ ಅಲ್ಲೇ ಇದೆ, ಜನ ನಿಂತು ನನ್ನ ಅಂಕ ಓದುತ್ತಾರೆ. ನಾನು ಮಾತ್ರ ಅತ್ತ ನೋಡುವುದಿಲ್ಲ. ದಾಂಡೇಲಿ ಬಸ್ ಕಂಡರೆ ಸಾಕು, ಹೊಟ್ಟೆ ಉರಿಯುತ್ತದೆ.