ಐದೂರಿನ ನೀರಿಗೆ ಒಂದೇ ಅಳತೆ

ಬೆಳಿಗ್ಗೆ ಐದೂ ಮುಕ್ಕಾಲು. ತುಮಕೂರಿನ ಸದಾಶಿವನಗರದಲ್ಲಿ ಹಾಲಿನವನು ಇನ್ನೂ ಗೇಟು ತಟ್ಟಿಲ್ಲ. ಒಂದು ಬಾಡಿಗೆ ಮನೆಯ ಮಹಡಿಯ ಮೇಲಿನ ಲ್ಯಾಬಿನಲ್ಲಿ ನೇತ್ರಾವತಿ ಆಗಲೇ ಬ್ಯೂರೆಟ್ ಮುಂದೆ ಮಂಡಿಯೂರಿದ್ದಾರೆ. ಬ್ಯೂರೆಟ್ ಅಂದರೆ ಗೀಟು ಹಾಕಿದ ಉದ್ದನೆ ಗಾಜಿನ ಕೊಳವೆ, ತುದಿಗೊಂದು ಪುಟ್ಟ ತಿರುಪು. ಕೆಳಗಿನ ಫ್ಲಾಸ್ಕಿನಲ್ಲಿ ಯಾರದೋ ಊರಿನ ಕೊಳವೆಬಾವಿಯ ನೀರು ದ್ರಾಕ್ಷಿ ರಸದ ಬಣ್ಣಕ್ಕೆ ತಿರುಗಿ ಕೂತಿದೆ. ಬಲಗೈ ಫ್ಲಾಸ್ಕನ್ನು ಸುತ್ತಿಸುತ್ತದೆ, ಎಡಗೈ ತಿರುಪನ್ನು ಹಿಡಿದಿದೆ. ಹನಿ, ಹನಿ, ಇನ್ನೊಂದು ಹನಿ. ಬಣ್ಣ ತಟ್ಟನೆ ನೀಲಿಯಾಗುತ್ತದೆ. ಅಲ್ಲಿಗೆ, ಇಳಿದ ದ್ರಾವಣದ ಲೆಕ್ಕದಿಂದ ಆ ನೀರು ಎಷ್ಟು ಗಡಸು ಅನ್ನುವುದು ಗೊತ್ತಾಯಿತು.

"ನಿಂತ್ಕೊಂಡು ನೋಡಿದ್ರೆ ಲೆಕ್ಕ ಸುಳ್ಳಾಯ್ತದೆ ಸಾರ್. ಕಣ್ಣು ಗೀಟಿನ ಮಟ್ಟಕ್ಕೇ ಇರ್ಬೇಕು. ಅದ್ಕೇ ನಂ ಮಂಡಿ ಸವ್ದೋಗಿರೋದು" ಅನ್ನುತ್ತಾರೆ ನೇತ್ರಾವತಿ, ಏಳುತ್ತಾ.

ಪಿಯುಸಿಯಲ್ಲಿ ಕೆಮಿಸ್ಟ್ರಿಯಲ್ಲೇ ಫೇಲಾದವರು! ಮರಳೂರಿನ ಈ ಹೆಣ್ಣುಮಗಳು ಹತ್ತೊಂಬತ್ತು ವರ್ಷದ ಹಿಂದೆ ಈ ನೀರು ಪರೀಕ್ಷೆಯ ಲ್ಯಾಬಿಗೆ ಬಂದದ್ದು ಬಾಟಲಿ ತೊಳೆಯಲು. ಹಳೇ ಕೆಮಿಸ್ಟ್ ಮಹಾಲಿಂಗಯ್ಯನವರು ಈಕೆಯ ಕೈಯ ನಿಧಾನ ಕಂಡು ಪಕ್ಕದಲ್ಲಿ ನಿಲ್ಲಿಸಿಕೊಂಡು ಕಲಿಸಿದರು. ಅವರು ಹೇಳಿದ ಒಂದು ಮಾತನ್ನು ಈಕೆ ಇವತ್ತಿಗೂ ಬಿಟ್ಟಿಲ್ಲ: ಗೊತ್ತಿರುವುದನ್ನು ಮೊದಲು ಅಳೆ, ಗೊತ್ತಿಲ್ಲದ್ದನ್ನು ಆಮೇಲೆ. ದಿನಾ ಬೆಳಿಗ್ಗೆ, ಇಷ್ಟೇ ಗಡಸು ಎಂದು ಮೊದಲೇ ಗೊತ್ತಿರುವ ದ್ರಾವಣವನ್ನು ಅಳೆದು ನೋಡುತ್ತಾರೆ. ಅದು ಸರಿ ಬಂದರೆ ಮಾತ್ರ ಊರುಗಳ ಬಾಟಲಿಗೆ ಕೈ ಹಾಕುತ್ತಾರೆ.

ದಿನಕ್ಕೆ ನಲವತ್ತು ಬಾಟಲಿ. ಒಂದೊಂದಕ್ಕೆ ಮೂರು ಸಲ ಅಳತೆ. ಮೂಗಿಗೆ ಅಮೋನಿಯಾದ ಘಾಟು, ಗಂಟಲಿಗೆ ಬಿಡದ ಕೆಮ್ಮು. ಮಹಾಲಿಂಗಯ್ಯ ನಿವೃತ್ತರಾದ ಮೇಲೆ ಆ ಕೆಲಸ ಪೂರ್ತಿ ಈಕೆಯ ಹೆಗಲಿಗೇ ಬಿತ್ತು. ಪದನಾಮ ಮಾತ್ರ ಇವತ್ತಿಗೂ ಹೊರಗುತ್ತಿಗೆಯ ಅಟೆಂಡರ್. ರಿಪೋರ್ಟಿನ ಕೆಳಗೆ ಮೂರು ಸಹಿ ಬೀಳುತ್ತವೆ, ಆ ಮೂವರಲ್ಲಿ ಒಬ್ಬರಾದರೂ ಒಂದು ಹನಿ ಇಳಿಸಿದ್ದನ್ನು ಈಕೆ ಕಂಡಿಲ್ಲ. ದುಡಿಯೋರೊಬ್ಬರು, ಉಣ್ಣೋರು ಇನ್ನೊಬ್ಬರು!

ಕಳೆದ ವರ್ಷ ಶ್ರಾವಣದಲ್ಲಿ ಒಂದು ದಿನ ಗುಬ್ಬಿ ತಾಲ್ಲೂಕಿನ ಒಂದು ಪಂಚಾಯ್ತಿಯಿಂದ ಐದು ಹಳ್ಳಿಯ ಐದು ಬಾಟಲಿ ಒಟ್ಟಿಗೆ ಬಂದವು. ಮೊದಲ ಬಾಟಲಿಯ ನೀರು ನೀಲಿಯಾಗಲು ಬ್ಯೂರೆಟ್ಟಿನಿಂದ ಇಳಿದದ್ದು ಹನ್ನೊಂದು ಪಾಯಿಂಟ್ ನಾಲ್ಕು ಎಂ.ಎಲ್. ಎರಡನೆಯದಕ್ಕೂ ಅಷ್ಟೇ. ಮೂರನೆಯದಕ್ಕೂ ಅಷ್ಟೇ ಬಂದಾಗ ಈಕೆ ಬ್ಯೂರೆಟ್ ತೊಳೆದು, ಗೊತ್ತಿರುವ ದ್ರಾವಣವನ್ನು ಮತ್ತೆ ಅಳೆದರು. ಅದರಲ್ಲಿ ತಪ್ಪಿರಲಿಲ್ಲ. ಐದಕ್ಕೂ ಹನ್ನೊಂದು ಪಾಯಿಂಟ್ ನಾಲ್ಕು.

"ಅವತ್ತೇ ಕುಣಿಗಲ್ ಕಡೆಯಿಂದ ಎರಡು ಬಾಟ್ಲು ಬಂದಿದ್ವು. ಒಂದೇ ಬೀದಿ ಎರಡು ಬೋರು. ಒಂದಕ್ಕೆ ಹತ್ತೊಂಬತ್ತು, ಇನ್ನೊಂದಕ್ಕೆ ಇಪ್ಪತ್ತೆಂಟು. ಒಂದು ಬೀದಿ ನೀರೇ ಹೊಂದಾಕಿಲ್ಲ, ಐದೂರಿನ ನೀರು ಅದೆಂಗೆ ಹನಿಗೆ ಹನಿ ಹೊಂದ್ತದೆ? ಒಂದೇ ನಲ್ಲೀಲಿ ಐದೂ ಹಿಡ್ದವ್ರೆ ಅಂತ ಗೊತ್ತಾಗೋಯ್ತು."

ಓಡಿಹೋಗಿ ಮ್ಯಾನೇಜರಿಗೆ ಹೇಳಿದರು. ಆ ಪುಣ್ಯಾತ್ಮ ಮೊಬೈಲಿನಿಂದ ತಲೆ ಎತ್ತದೆ ಅಂದದ್ದಿಷ್ಟು: "ನಿಂಗ್ಯಾಕಮ್ಮ ಊರ ಉಸಾಬರಿ? ಬಾಟ್ಲಲ್ಲಿ ಏನೈತೋ ಅದನ್ನ ಬರಿ."

ಎಂಥ ಮಾತು ನೋಡಿ! ಬಾಟಲಿಯಲ್ಲಿರುವ ನೀರು ಆ ಊರಿನದೇ ಅಲ್ಲದಿದ್ದರೆ, ಲಕ್ಷಗಟ್ಟಲೆಯ ಯಂತ್ರ ಇಟ್ಟುಕೊಂಡು ಅಳೆಯುವುದು ಯಾರನ್ನು ಮೆಚ್ಚಿಸಲು? ಪಕ್ಕದ ಮನೆಯವನ ರಕ್ತ ಪರೀಕ್ಷೆ ಮಾಡಿ ರೋಗಿಗೆ ಮಾತ್ರೆ ಕೊಟ್ಟ ಹಾಗಾಯಿತು.

ಮುಂದಿನ ಭಾನುವಾರ ನೇತ್ರಾವತಿ ಐದು ಖಾಲಿ ಬಾಟಲಿ ಚೀಲಕ್ಕೆ ಹಾಕಿಕೊಂಡು ಗುಬ್ಬಿ ಬಸ್ಸು ಹತ್ತಿದರು. ಯಾರೂ ಕಳಿಸಲಿಲ್ಲ, ಯಾರೂ ಕೇಳಲಿಲ್ಲ. ಊರೂರಿಗೆ ನೀರು ಬಿಡುವ ನೀರಗಂಟಿ ಚಿಕ್ಕಹನುಮಯ್ಯ ಸಿಕ್ಕಿದ್ದು ತನ್ನ ಮನೆ ಮುಂದಿನ ಸಿಸ್ಟನ್ ತೊಟ್ಟಿಯ ನಲ್ಲಿ ಹತ್ತಿರ. ವಿಷಯ ಎತ್ತಿದ್ದೇ ತಡ, ಆತ ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡ.

"ಹೂಂ ಕಣವ್ವ, ಇದೇ ನಲ್ಲೀಲಿ ಹಿಡ್ದೆ. ಎರಡು ವರ್ಸದಿಂದ ಹಿಂಗೇ ಮಾಡ್ತಿದ್ದೆ, ಒಂದೊಂದ್ ದಪ ಒಂದೊಂದೂರಿನ ಹೆಸ್ರು ಬರ್ದು. ಈ ದಪ ಐದೂ ಒಟ್ಟಿಗೇ ಕೇಳುದ್ರು. ಐದೂರು ಸುತ್ತಾಕೆ ನಂಗೇನು ರೆಕ್ಕೆ ಐತಾ? ಬಾಟ್ಲು ಕೊಟ್ರೇ ಹೊರ್ತು ಯಾಕೆ ಏನು ಅಂತ ಒಬ್ನಾದ್ರೂ ಹೇಳುದ್ನಾ?"

ಇಬ್ಬರೂ ಅವನ ಮೊಪೆಡ್ಡಿನಲ್ಲೇ ಐದೂರು ಸುತ್ತಿದರು. ಪಂಪು ಐದು ನಿಮಿಷ ಓಡಿಸಿ, ಅದೇ ನೀರಲ್ಲಿ ಬಾಟಲಿಯನ್ನು ಮೂರು ಸಲ ಗಲಬರಿಸಿ, ಆಮೇಲೆ ತುಂಬಬೇಕು ಎಂದು ಆತನಿಗೆ ಕೈ ಹಿಡಿದು ತೋರಿಸಿದರು. ಕೊನೆಯದು ಕರೆಗುಂಡ್ಲಹಟ್ಟಿ. ಅಲ್ಲಿ ಒಂಬತ್ತನೇ ಕ್ಲಾಸಿನ ಕಾವ್ಯ ಎಂಬ ಹುಡುಗಿ ಬಿಂದಿಗೆ ಹಿಡಿದು ನಿಂತಿದ್ದಳು. ಚಿಕ್ಕಹನುಮಯ್ಯ ಏನೋ ತಮಾಷೆ ಮಾಡಿದ್ದಕ್ಕೆ ನಕ್ಕಳು, ನಕ್ಕವಳೇ ಬಾಯಿಗೆ ಅಂಗೈ ಅಡ್ಡ ಇಟ್ಟುಕೊಂಡಳು. ನೇತ್ರಾವತಿ ಅಷ್ಟರಲ್ಲಿ ಹಲ್ಲು ನೋಡಿಬಿಟ್ಟಿದ್ದರು. ಕಂದು ಪಟ್ಟೆ ಪಟ್ಟೆ. ನೀರಿನಲ್ಲಿ ಫ್ಲೋರೈಡ್ ಜಾಸ್ತಿಯಿದ್ದ ಕಡೆ ಬೆಳೆವ ಮಕ್ಕಳ ಹಲ್ಲು ಹೀಗಾಗುತ್ತದೆ.

ಮಾರನೇ ದಿನ ಅಳೆದರು. ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಬಾರದ ಫ್ಲೋರೈಡ್ ಕರೆಗುಂಡ್ಲಹಟ್ಟಿಯ ನೀರಿನಲ್ಲಿ ಮೂರು ಪಾಯಿಂಟ್ ನಾಲ್ಕು! ಹಳೇ ರಿಜಿಸ್ಟರ್ ತೆಗೆದರು. ಎರಡು ವರ್ಷದಲ್ಲಿ ನಾಲ್ಕು ಸಲ ಅದೇ ಊರಿಗೆ 'ಕುಡಿಯಲು ಯೋಗ್ಯ' ಎಂದು ಬರೆದಿದೆ. ಅಕ್ಷರ ಈಕೆಯದೇ.

"ಅವತ್ತು ಊಟ ಸೇರ್ನಿಲ್ಲ ಸಾರ್. ನಾನು ಅಳ್ದಿದ್ದು ತಪ್ಪಲ್ಲ, ಒಂದು ಹನಿ ತಪ್ಪಿಲ್ಲ. ಆದ್ರೂ ಆ ಮಗೀಗೆ ಆ ನೀರು ಕುಡ್ಸಿದ್ದು ನನ್ ಕೈ ಬರಹ ಅಲ್ವಾ?"

ಈ ಲೆಕ್ಕವನ್ನು ಮುಂದಿಟ್ಟಾಗ ಮ್ಯಾನೇಜರ್ ಮೊಬೈಲ್ ಕೆಳಗಿಟ್ಟ. ಚೀಟಿಯಿಲ್ಲದ, ನಂಬರಿಲ್ಲದ ಬಾಟಲಿ ಲೆಕ್ಕಕ್ಕಿಲ್ಲ, ರಿಪೋರ್ಟ್ ಕೊಡಲಾಗದು ಅಂದ. ಮಾರ್ಚಿಗೆ ನಿನ್ನ ಗುತ್ತಿಗೆ ಮುಗಿಯುತ್ತೆ, ನೆನಪಿರಲಿ ಅಂತಲೂ ಸೇರಿಸಿದ. ಊರಿಗೆ ಹೋಗದೆ ತುಂಬಿದ ನೀರಿಗೆ ನಂಬರು ಉಂಟು, ಊರಿಗೇ ಹೋಗಿ ತಂದ ನೀರಿಗೆ ನಂಬರಿಲ್ಲ! ಇಂಥ ನ್ಯಾಯಕ್ಕೆ ಏನನ್ನಬೇಕು?

ಈಕೆ ಹೆದರಲಿಲ್ಲ ಅಂದರೆ ಸುಳ್ಳು. ಹೆದರಿಕೊಂಡೇ ಆ ಪಂಚಾಯ್ತಿಯ ಪಿಡಿಒ ಅನುಪಮಾ ಅವರಿಗೆ ಫೋನು ಮಾಡಿದರು. ಆ ಹೆಣ್ಣುಮಗಳು ಪುಣ್ಯಕ್ಕೆ ಪೂರ್ತಿ ಕೇಳಿಸಿಕೊಂಡರು. ತಾವೇ ಪಂಪಿನ ಹತ್ತಿರ ನಿಂತು, ಚಿಕ್ಕಹನುಮಯ್ಯನ ಕೈಯಲ್ಲಿ ಹಿಡಿಸಿ, ಚೀಟಿ ಅಂಟಿಸಿ, ನಂಬರು ಹಾಕಿ ಕಳಿಸಿದರು. ಮತ್ತೆ ಮೂರು ಪಾಯಿಂಟ್ ನಾಲ್ಕು. ಈಗ ಮೂರು ಸಹಿಯೂ ತೆಪ್ಪಗೆ ಬಿದ್ದವು. ಹದಿನೈದು ದಿನದಲ್ಲಿ ಆ ಬೋರು ಮುಚ್ಚಿ, ಪಕ್ಕದೂರಿನ ಪೈಪು ಎಳೆದರು. ಕಾವ್ಯಳ ತಂಗಿಗೆ ಮೂರು ವರ್ಷ. ಅವಳ ಹಲ್ಲು ಉಳಿಯಬಹುದು. ಕಾವ್ಯಳದು ಇನ್ನು ಹಾಗೇ.

ಮಾರ್ಚ್ ಬಂತು, ಹೋಯಿತು. ಗುತ್ತಿಗೆ ಮುಂದುವರಿದಿದೆ, ಬೇರೆ ಯಾರೂ ಈ ಘಾಟಿನಲ್ಲಿ ನಿಲ್ಲಲು ಒಪ್ಪಲಿಲ್ಲವಂತೆ. ಪೇಪರಿನಲ್ಲಿ ಲ್ಯಾಬಿನ ಸಾಧನೆ ಎಂದು ಮ್ಯಾನೇಜರ್ ಫೋಟೊ ಬಂದಿತ್ತು. ಈಕೆಗೆ ಅದರ ಬಗ್ಗೆ ಸಿಟ್ಟಿದೆಯಾ ಎಂದು ಕೇಳಿದರೆ ಬ್ಯೂರೆಟ್ಟಿಗೆ ದ್ರಾವಣ ತುಂಬುತ್ತಲೇ ತಲೆ ಅಲ್ಲಾಡಿಸುತ್ತಾರೆ.

"ಫೋಟೊ ಅವ್ರೇ ಮಡಿಕ್ಕಳ್ಳಿ ಬುಡಿ. ರಿಪೋರ್ಟಲ್ಲಿ ಮಾತ್ರ ನನ್ ಹೆಸ್ರು ಇರ್ಬೇಕು ಸಾರ್. ಹೊಗಳ್ಸಿಕೊಳ್ಳಾಕಲ್ಲ. ನಾಳೆ ಯಾವ್ದಾದ್ರೂ ಊರಲ್ಲಿ ಮಗೀನ ಹಲ್ಲು ಕಂದಾದ್ರೆ, ಆ ತಾಯಿ ಸೀದಾ ಬಂದು ನನ್ ಬಾಗ್ಲು ಬಡ್ದು, 'ಇದನ್ನ ಬರ್ದೋಳು ಯಾವಳೇ?' ಅಂತ ಕೇಳಂಗಿರ್ಬೇಕು."