ತಿನ್ಮೆಲ್ ಹುಡುಗನ ಕೋಣೆಯ ಒಲೆ

ಆರ್.ಟಿ. ನಗರದ ನಮ್ಮ ಮಹಡಿ ಕೋಣೆಯಲ್ಲಿ ಮೊರಾಕ್ಕೊದ ಒಬ್ಬ ಹುಡುಗ ಬಾಡಿಗೆಗಿದ್ದ. ಯಲಹಂಕದ ಕಾಲೇಜೊಂದರಲ್ಲಿ ಓದುತ್ತಿದ್ದ. ಅವನ ಊರು ಅಟ್ಲಾಸ್ ಬೆಟ್ಟಗಳ ನಡುವಿನ ತಿನ್ಮೆಲ್. ಸುಮಾರು ಒಂಬೈನೂರು ವರ್ಷಗಳ ಹಿಂದೆ ಒಬ್ಬ ಬೋಧಕ ಅಲ್ಲಿ ಬಂದು ನೆಲೆಸಿದನಂತೆ. ಅವನ ಹಿಂದೆ ಸೇರಿದ ಬೆಟ್ಟದ ಜನ ಕೆಳಗಿಳಿದು ಸ್ಪೇನ್‌ವರೆಗೆ ಆಳಿದರಂತೆ. ಅದೇ ಅಲ್ಮೊಹಾದ್ ವಂಶ. ಆಮೇಲೆ ಬಂದ ಇನ್ನೊಂದು ವಂಶ ಊರನ್ನು ಹಾಳುಗೆಡವಿದರೂ ಮಸೀದಿ ಮಾತ್ರ ಉಳಿದಿತ್ತು, ಛಾವಣಿಯಿಲ್ಲದೆ. ಅದರ ಕೆಳಗೇ ಅವನ ತಾಯಿಯ ಮಣ್ಣಿನ ಮನೆ.

ಸ್ಪೇನ್‌ವರೆಗೆ ಹೋದ ರಾಜರಿಗೆ ನಿಮ್ಮೂರಿಗೊಂದು ಒಳ್ಳೆಯ ರಸ್ತೆ ಮಾಡಲಾಗಲಿಲ್ಲವೇ ಎಂದು ನಮ್ಮ ಅಮ್ಮಿ ಅವನನ್ನು ರೇಗಿಸುತ್ತಿದ್ದರು. ನಮ್ಮಿಂದ ಕಲಿತ ಹರಕುಮುರುಕು ದಖ್ಖನಿ ಉರ್ದುವಿನಲ್ಲಿ ಅವನು ನಗುತ್ತ ಹೇಳುತ್ತಿದ್ದ: "ಹೋದೋರು ಬರ್ಲೇ ಇಲ್ಲ ಖಾಲಾ. ಹೂಳೋಕೆ ಮಾತ್ರ ವಾಪಸ್ ತಂದ್ರು."

ರಾತ್ರಿ ಅವನ ಊರ ಕಡೆ ಆದ ಭೂಕಂಪದ ಸುದ್ದಿ ನಮಗೆ ಬೆಳಿಗ್ಗೆ ತಿಳಿಯಿತು. ಅವನು ಆಗಲೇ ಫೋನ್ ಹಿಡಿದು ಮೆಟ್ಟಿಲ ಮೇಲೆ ಕುಳಿತಿದ್ದ. ತಾಯಿಯ ಫೋನ್ ರಿಂಗ್ ಕೂಡ ಆಗುತ್ತಿರಲಿಲ್ಲ. ನಾನೂ ನನ್ನ ಫೋನಿನಿಂದ ಮಾಡಿ ನೋಡಿದೆ, ಏನೋ ಬೇರೆಯಾದೀತೆಂಬಂತೆ. ಸುದ್ದಿಯಲ್ಲಿ ಕುಸಿದ ಮಸೀದಿಯನ್ನೇ ಮತ್ತೆ ಮತ್ತೆ ತೋರಿಸಿದರು. ಅವನು ವಿಡಿಯೊ ನಿಲ್ಲಿಸಿ ಚಿತ್ರದ ಕೆಳ ಅಂಚನ್ನು ಬೆರಳಿನಿಂದ ಹಿಗ್ಗಿಸುತ್ತಿದ್ದ. ಮನೆ ಇರಬೇಕಾದ ಜಾಗಕ್ಕಿಂತ ಮೊದಲೇ ಚಿತ್ರ ಮುಗಿದಿರುತ್ತಿತ್ತು.

ಅವನು ಏನೂ ತಿಂದಿಲ್ಲವೆಂದು ಮಧ್ಯಾಹ್ನ ಅಮ್ಮಿ ಅನ್ನ, ದಾಲ್ ಮಾಡಿ, ಪಾತ್ರೆಗೆ ಬಿಳಿ ಬಟ್ಟೆ ಮುಚ್ಚಿ ಮೇಲೆ ತಂದರು. ಅವನು ಅದನ್ನು ನೋಡಿ ಎದ್ದು ನಿಂತ.

"ಯಾರು ಫೋನ್ ಮಾಡಿದ್ರು ಖಾಲಾ?"

ಸಾವಾದ ಮನೆಯಲ್ಲಿ ಮೂರು ದಿನ ಒಲೆ ಹಚ್ಚುವುದಿಲ್ಲ. ನೆರೆಯವರು ಅಡುಗೆ ಕಳಿಸುತ್ತಾರೆ. ಇದು ನಮ್ಮ ಪದ್ಧತಿ. ಅವರದ್ದೂ ಹಾಗೆಯೇ ಎಂದು ನಮಗೆ ಆಗ ಗೊತ್ತಾಯಿತು. ಸಾವಿನ ಸುದ್ದಿ ನಮಗೆ ಮೊದಲು ಬಂದಿದೆ, ಬಾಯಿಬಿಟ್ಟು ಹೇಳಲಾರದೆ ಊಟ ತಂದಿದ್ದೇವೆ ಎಂದು ಅವನು ಅಂದುಕೊಂಡಿದ್ದ. ಯಾರೂ ಮಾಡಿಲ್ಲ ಬೇಟಾ ಎಂದು ಅಮ್ಮಿ ಎಷ್ಟು ಹೇಳಿದರೂ ನನ್ನ ಮುಖವನ್ನೇ ನೋಡುತ್ತಿದ್ದ.

ಅಮ್ಮಿ ಪಾತ್ರೆಯನ್ನು ನನ್ನ ಕೈಗಿಟ್ಟು ಒಳಗೆ ಹೋಗಿ, ಅವನ ಸ್ಟೌ ಹಚ್ಚಿ, ಚಹಾಕ್ಕೆ ನೀರಿಟ್ಟರು. "ನೋಡು, ನಿನ್ನ ಮನೇಲಿ ಒಲೆ ಉರೀತಾ ಇದೆ."

ಅವನು ಕುಳಿತ. ಮರುದಿನ ಬೆಳಿಗ್ಗೆಯೂ ಅಮ್ಮಿ ಮೊಣಕಾಲು ಹಿಡಿದುಕೊಂಡು ಮೆಟ್ಟಿಲು ಹತ್ತಿ ಅದನ್ನು ಹಚ್ಚಿದರು. ಅಷ್ಟು ಬಿಟ್ಟು ನಮ್ಮಿಂದ ಇನ್ನೇನೂ ಆಗುತ್ತಿರಲಿಲ್ಲ.

ಅದರ ಮಾರನೆಯ ದಿನ, ಚಹಾ ಕುದಿಯುತ್ತಿರುವಾಗ ಅವನ ಚಿಕ್ಕಪ್ಪನ ಕರೆ ಬಂತು. ಅವನು ಕೊನೆವರೆಗೂ ಕೇಳಿಸಿಕೊಂಡ. ಫೋನ್ ಕೆಳಗಿಟ್ಟು, ಕೈ ಚಾಚಿ ತಾನೇ ಸ್ಟೌ ಆರಿಸಿದ.

ಅಮ್ಮಿ ಕೆಳಗಿಳಿದು ಬಂದು ಅಕ್ಕಿ ತೊಳೆದರು.